ಇಳಿಜಾರಿನ ಪಾರ್ಕಿಂಗು, ಮೂರಂತಸ್ತಿನ ಕೇಕು

ಲಾಕ್‌ಡೌನ್ ಮುಗಿದ ಮರುವರ್ಷ. ಶಿವಾಜಿನಗರದಲ್ಲಿ ಹಳೆಯ ಬಿಡಿಭಾಗ ಮಾರಿಕೊಂಡಿದ್ದ ನಾನು ಮರ್ಫಿ ಟೌನ್‌ನಲ್ಲಿ ಆಗಷ್ಟೇ ಸ್ವಂತ ಗ್ಯಾರೇಜ್ ತೆರೆದಿದ್ದೆ. ಒಂದು ಶನಿವಾರ ಬೆಳಿಗ್ಗೆ ಕಾಕ್ಸ್ ಟೌನ್‌ನಿಂದ ಸ್ಟೆಲ್ಲಾ ಮೇಡಂ ಫೋನ್ ಮಾಡಿದರು. ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದ ಅವರಿಗೆ ಸೆಕೆಂಡ್‌ಹ್ಯಾಂಡ್ ಕಾರು ಚೌಕಾಸಿ ಮಾಡಿ ಕೊಡಿಸಿದವನು ನಾನೇ.

"ಭಾಯ್, ಎಂಜಿನ್ ಆಯಿಲ್ ಜಾಸ್ತಿ ಹಾಕ್ಬಿಟ್ಟೆ. ಮಧ್ಯಾಹ್ನ ಕೆ.ಆರ್. ಪುರಂಗೆ ಮದುವೆ ಕೇಕ್ ತಲುಪಿಸ್ಬೇಕು. ನನ್ನ ಫಸ್ಟ್ ವೆಡ್ಡಿಂಗ್ ಆರ್ಡರ್. ಆಟೋದಲ್ಲಿ ಹೋದ್ರೆ ಮೂರಂತಸ್ತಿನ ಕೇಕ್ ಪಾಯಸ ಆಗತ್ತೆ!"

"ಸ್ಟಾರ್ಟ್ ಮಾಡಿದ್ರಾ?"

"ಇಲ್ಲ."

"ಮಾಡ್ಲೇಬೇಡಿ. ಬಂದೆ."

ಆಯಿಲ್ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಎಂಜಿನ್‌ನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸಬಹುದು. ನೊರೆಯಾದ ಆಯಿಲ್ ಎಂಜಿನ್ನಿನ ಭಾಗಗಳಿಗೆ ಸರಿಯಾಗಿ ಅಂಟುವುದಿಲ್ಲ, ಆಯಿಲ್ ತಡೆಯುವ ರಬ್ಬರ್ ಸೀಲ್‌ಗಳೂ ಸೋರತೊಡಗುತ್ತವೆ.

ಹೋಗಿ ನೋಡಿದೊಡನೆ ಕಾರಣ ತಿಳಿಯಿತು. ಹಳೆಯ ಮನೆ ಕೆಡವಿ ಎಬ್ಬಿಸಿದ ಫ್ಲ್ಯಾಟ್ ಅದು. ಮೇಡಂ ಪಾಲಿಗೆ ಬಂದ ಪಾರ್ಕಿಂಗ್ ಎಂದರೆ ಗೇಟಿನ ಇಳಿಜಾರು. ಕಾರು ಮೂತಿ ಎತ್ತಿ ನಿಂತಿತ್ತು. ಅಲ್ಲೇ ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ನೋಡಿದ್ದಾರೆ. ಇಳಿಜಾರಿನಲ್ಲಿ ಆಯಿಲ್ ಹಿಂದಕ್ಕೆ ಸರಿದಿದ್ದರಿಂದ ಕಡಿಮೆ ತೋರಿಸಿದೆ. ಸುರಿದಿದ್ದಾರೆ, ಸುರಿದದ್ದು ಕೆಳಗಿಳಿಯುವ ಮೊದಲೇ ಮತ್ತೆ ನೋಡಿ ಮತ್ತೆ ಸುರಿದಿದ್ದಾರೆ. ಕ್ಯಾನು ಖಾಲಿಯಾಗುತ್ತ ಬಂದಾಗಲೇ ಅವರಿಗೆ ಅನುಮಾನ ಬಂದದ್ದು.

ವಾಚ್‌ಮನ್ ಮತ್ತು ನಾನು ಸೇರಿ ಕಾರನ್ನು ಸಮತಟ್ಟಾದ ಜಾಗಕ್ಕೆ ತಳ್ಳಿದೆವು. "ಕೇಕ್ ತಿನ್ನೋರು ಅಲ್ಲಿ, ಸೊಂಟ ಮುರ್ಕೊಳ್ಳೋರು ಇಲ್ಲಿ," ಎಂದು ವಾಚ್‌ಮನ್ ಗೊಣಗಿದ. ಸ್ವಲ್ಪ ಹೊತ್ತು ಬಿಟ್ಟು ಅಳೆದರೆ, ಆಯಿಲ್ ಕಡ್ಡಿಯ ಮೇಲಿನ ಗೆರೆ ದಾಟಿ ಬಹಳ ಮೇಲಿತ್ತು.

ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿದರೆ ಬೇಕಾದ್ದೂ ಹರಿದುಹೋಗುತ್ತದೆ. ಮನೆಯಲ್ಲಿ ಸುಲಭವಾದ ದಾರಿ ಬೇರೆ ಇದೆ. ದೊಡ್ಡ ಸಿರಿಂಜಿಗೆ ತೆಳ್ಳನೆಯ ಟ್ಯೂಬ್ ಸಿಕ್ಕಿಸಿ ಡಿಪ್‌ಸ್ಟಿಕ್ಕಿನ ತೂತಿನಿಂದ ಒಳಗೆ ಇಳಿಸಿದೆ. ಆದರೆ ಎಂಜಿನ್ ತಣ್ಣಗಿತ್ತು, ಆಯಿಲ್ ಮಂದವಾಗಿತ್ತು. ನಾನು ರಭಸದಿಂದ ಎಳೆದಾಗಲೆಲ್ಲ ಬರೀ ಗಾಳಿ ಬಂತು.

"ಕೊಡಿ ಇಲ್ಲಿ," ಎಂದರು ಮೇಡಂ. "ಇಷ್ಟು ಆತುರದ ಕೈಗೆ ನಾನು ಐಸಿಂಗ್ ಕೋನ್ ಕೂಡ ಕೊಡಲ್ಲ."

ಅವರು ನಿಧಾನವಾಗಿ ಎಳೆದರು. ಆಯಿಲ್ ಸಿರಿಂಜಿಗೆ ಏರಿತು. ಅದನ್ನು ಹಳೆಯ ಕ್ಯಾನಿಗೆ ತುಂಬುತ್ತಾ, ಕಡ್ಡಿ ಒರೆಸಿ ಒರೆಸಿ ಅಳೆಯುತ್ತಾ ಹೋದೆ. ಮಟ್ಟ ಎರಡು ಗೆರೆಗಳ ನಡುವೆ ಬಂದಾಗ ನಿಲ್ಲಿಸಿದೆವು. ಕಾರು ಸ್ಟಾರ್ಟ್ ಆಯಿತು. ಹೊಗೆಯಿಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪವಿಲ್ಲ. ಕ್ಯಾನನ್ನು ಗ್ಯಾರೇಜಿಗೆ ಒಯ್ದೆ. ಇಂಥದ್ದನ್ನು ಚರಂಡಿಗೆ ಸುರಿಯಬೇಡಿ.

"ಎಷ್ಟಾಯ್ತು ಭಾಯ್?"

"ಕ್ರಿಸ್‌ಮಸ್‌ಗೆ ಒಂದು ಪ್ಲಮ್ ಕೇಕ್. ರಮ್ ಹಾಕದ್ದು."

"ಅರ್ಧ."

"ಪೂರ್ತಿ. ವಾಚ್‌ಮನ್‌ಗೆ ಬೇರೆ."

ಮಧ್ಯಾಹ್ನ ಮೊಬೈಲಿಗೆ ಒಂದು ಫೋಟೋ ಬಂತು. ಮೂರು ಅಂತಸ್ತೂ ನೆಟ್ಟಗೆ ನಿಂತಿದ್ದವು. ಮೇಲಿನ ಸಕ್ಕರೆ ಗುಲಾಬಿಯೂ ಅಲುಗಿರಲಿಲ್ಲ. ಜೊತೆಗೆ, ವಧುವಿನ ಚಿಕ್ಕಮ್ಮ ಇನ್ನೊಂದು ಕೇಕಿಗೆ ಹೇಳಿದ್ದಾರೆಂಬ ಸುದ್ದಿ.

ಅಂದಿನಿಂದ ಯಾರೇ ಆಯಿಲ್ ಕಡಿಮೆಯಾಗಿದೆ ಎಂದು ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಕಾರಿನ ಬಗ್ಗೆ ಅಲ್ಲ, ಅದು ನಿಂತ ನೆಲದ ಬಗ್ಗೆ. ನೀವೂ ಕ್ಯಾನಿನ ಮುಚ್ಚಳ ತೆಗೆಯುವ ಮೊದಲು ಒಮ್ಮೆ ಟೈರಿನ ಕೆಳಗೆ ನೋಡಿ.