ಹಬ್ಬಕ್ಕೆ ಜಾಗ ಬದಲಾದ ಅಚ್ಚುಗಳು

ಮಕ್ಕಳೇ, ನಿಮ್ಮಮ್ಮನ ಸೂಪರ್‌ವೈಸರ್ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ.

ನನ್ನ ಸೊಸೆ, ಎಂದರೆ ನಿಮ್ಮಮ್ಮ, ವಸಂತನರಸಾಪುರದ ತಗಡಿನ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿ ಆರು ತಿಂಗಳಾಗುತ್ತಿತ್ತು. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬುದು ಮುಂದಿನ ಸೋಮವಾರ ತೀರ್ಮಾನವಾಗಬೇಕಿತ್ತು. ಅವಳು ಬಿಡಿಸುತ್ತಿದ್ದದ್ದು ಕರೆಂಟಿನ ಪೆಟ್ಟಿಗೆ. ಅದರ ಬಾಗಿಲಿಗೆ ಗಾಳಿಯಾಡಲು ರೆಪ್ಪೆಯಂತೆ ಉಬ್ಬಿದ ಸೀಳುಗಳು ಬೇಕು. ಅದಕ್ಕೆ ಕಂಪ್ಯೂಟರಿನೊಳಗೇ ಅಚ್ಚುಗಳಿರುತ್ತವೆ. ಅಚ್ಚನ್ನು ಎಳೆದು ತಗಡಿನ ಚಿತ್ರದ ಮೇಲೆ ಬಿಟ್ಟರೆ ಸೀಳು ಮೂಡುತ್ತದೆ. ಆಯುಧಪೂಜೆ ಕಳೆದ ಮೇಲೆ ಅದು ಮೂಡಲೇ ಇಲ್ಲ. ಬಿಟ್ಟಾಗಲೆಲ್ಲ, ಹೊಸ ಬಿಡಿಭಾಗ ಮಾಡಬೇಕೇ ಎಂದು ಕಂಪ್ಯೂಟರು ಕೇಳುತ್ತಿತ್ತು.

"ಅಡುಗೆಮನೆಯಿಂದ ಎದ್ದು ಬಂದೋರ ಕೈಗೆ ಮೌಸ್ ಕೊಟ್ರೆ ಹಿಂಗೇ ಕಣಮ್ಮ" ಎಂದು ಸೂಪರ್‌ವೈಸರ್ ಎಲ್ಲರೆದುರಿಗೆ ಅಂದನಂತೆ. ಮೂರು ದಿನ ಇದೇ ಮಾತು.

ಶನಿವಾರ ಅವಳು ಆಫೀಸಿನ ಲ್ಯಾಪ್‌ಟಾಪನ್ನು ಗುಬ್ಬಿಯ ನಮ್ಮ ಮನೆಗೇ ತಂದಳು. ಅಚ್ಚಿನ ಅಂಚಿನ ದುಂಡು ತಿದ್ದಿದಳು, ತಗಡಿನ ದಪ್ಪ ಬದಲಿಸಿದಳು, ಕೊನೆಗೆ ಅಚ್ಚನ್ನೇ ಹೊಸದಾಗಿ ಮಾಡಿದಳು. ಮತ್ತೆ ಅದೇ ಪ್ರಶ್ನೆ. ನಾನು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆ.

"ಹಬ್ಬಕ್ ಮುಂಚೆ ಸರಿಯಾಗಿತ್ತಾ?" ಎಂದೆ.

"ಸರಿಯಾಗೇ ಇತ್ತು ಅತ್ತೆ."

"ಹಬ್ಬದಲ್ಲಿ ಯಾರ್ ಮುಟ್ಟಿದ್ರು?"

ಅವಳ ಕೈ ನಿಂತಿತು. "ಮಿಷಿನ್ ಎಲ್ಲಾ ಒರೆಸಿ ಕುಂಕುಮ ಇಟ್ವಲ್ಲ, ಸರ್ ಈ ಕಂಪ್ಯೂಟರ್ ಒಳಗೂ ಕ್ಲೀನ್ ಮಾಡ್ತೀನಿ ಅಂತ ಕೂತಿದ್ರು."

ಅವಳು ಹುಡುಕಿ ನೋಡಿದಳು. ಅಚ್ಚುಗಳು ಮೊದಲಿದ್ದ ಫೋಲ್ಡರಿಗೆ, ಇದರೊಳಗಿರುವುದು ಅಚ್ಚುಗಳು ಎಂಬ ಗುರುತು ಹಾಕಿತ್ತು; ಆ ಗುರುತಿಲ್ಲದಿದ್ದರೆ ಕಂಪ್ಯೂಟರು ಅಚ್ಚನ್ನೂ ಬಿಡಿಭಾಗ ಎಂದೇ ತಿಳಿಯುತ್ತದೆ. ಆ ಮಹಾರಾಯ ಹಬ್ಬದ ದಿನ 'ಶ್ರೀ' ಎಂದು ಹೊಸ ಫೋಲ್ಡರ್ ಮಾಡಿ, ಅಚ್ಚುಗಳನ್ನೆಲ್ಲ ಅದಕ್ಕೆ ಸುರಿದು, ಗುರುತು ಹಾಕುವುದನ್ನೇ ಬಿಟ್ಟಿದ್ದ. ದೇವರ ಹೆಸರಿನ ಫೋಲ್ಡರನ್ನು ಅನುಮಾನಿಸುವುದು ನಿಮ್ಮಮ್ಮನಿಗೂ ಹೊಳೆದಿರಲಿಲ್ಲ. ಅದಕ್ಕೂ ಗುರುತು ಹಾಕಿ ಅಚ್ಚು ಎಳೆದು ಬಿಟ್ಟಳು. ಸೀಳು ಮೂಡಿತು.

ಅವನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ ಹೇಳಿದಳು.

"ಅದು ನಂಗ್ ಗೊತ್ತಿತ್ತಮ್ಮ. ನೀನ್ ಕಂಡ್ಹಿಡೀತೀಯಾ ಇಲ್ವಾ ಅಂತ ನೋಡ್ತಿದ್ದೆ."

"ಥ್ಯಾಂಕ್ಸ್ ಸರ್" ಎಂದಳು ಇವಳು!

ನಾನು ಹೊರಗಿನ ಗಂಡಸರ ಹತ್ತಿರ ಮಾತಾಡುವವಳಲ್ಲ. ಬಸ್ಸಿನ ಕಂಡಕ್ಟರಿಗೂ ಊರಿನ ಹೆಸರನ್ನು ಮೆಲ್ಲಗೇ ಹೇಳುತ್ತೇನೆ. ಅವತ್ತು ಫೋನಿನ ಹತ್ತಿರ ಬಗ್ಗಿದೆ.

"ಗೊತ್ತಿದ್ಮೇಲೆ ಮೂರ್ ದಿನ ಯಾಕ್ ಬೈದ್ರಿ ಸ್ವಾಮಿ?"

"ಯಾರದು?"

"ಅವಳ ಅತ್ತೆ."

ಅವನು ಫೋನು ಕಟ್ ಮಾಡಿದ. ನಿಮ್ಮಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತೆ, ನನ್ ಕೆಲ್ಸ!"

ಕೆಲಸ ಹೋಗಲಿಲ್ಲ, ಕಾಯಂ ಕೂಡ ಆಗಲಿಲ್ಲ. ಅಚ್ಚು ಸರಿಮಾಡಿದ್ದು ತಾನೇ ಎಂದು ಅವನು ಮಾಲೀಕರಿಗೆ ಹೇಳಿದ್ದನಂತೆ. ಇನ್ನು ಮೂರು ತಿಂಗಳು ನೋಡೋಣ ಎಂದರಂತೆ ಅವರು. ನಾನು ಬಾಯಿ ಹಾಕಿದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ.

"ಇಲ್ಲ ಬುಡಿ ಅತ್ತೆ. ನೀವ್ ಸುಮ್ನಿದ್ರೂ ಅವ್ರು ಅದನ್ನೇ ಹೇಳ್ತಿದ್ದಿದ್ದು."

ಹಾಗಿದ್ದರೆ ಇನ್ನೂ ನಾಲ್ಕು ಮಾತು ಆಡಬೇಕಿತ್ತು.