ತೇಗು ಬಂದ ಮೇಲೆ ಚೌಕಾಸಿ ಇಲ್ಲ

ಯಾರಿಗೂ ಹೇಳುವುದಿಲ್ಲವೆಂದರೆ ಒಂದು ಗುಟ್ಟು ಹೇಳುತ್ತೇನೆ. ಇಳಕಲ್ಲಿನ ನಮ್ಮ ಸೀರೆ ಅಂಗಡಿ ಬಹಳ ವರ್ಷ ನಡೆದದ್ದು ಸೀರೆಯ ಬಲದಿಂದಲ್ಲ, ತೇಗಿನ ಬಲದಿಂದ.

ನಗಬೇಡಿ. ಇಳಕಲ್ಲಿನಲ್ಲಿ ಸೀರೆಗೇನು ಬರವೇ? ನಮ್ಮಲ್ಲಿದ್ದ ಕೆಂಪು ಸೆರಗು, ನಮ್ಮಲ್ಲಿದ್ದ ಅಂಚಿನ ದಡಿ ಪಕ್ಕದ ಅಂಗಡಿಯಲ್ಲೂ ಇತ್ತು, ಎದುರಿನದರಲ್ಲೂ ಇತ್ತು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಿಂದ ಮದುವೆ ಜವಳಿಗೆಂದು ಇಡೀ ಬಳಗವೇ ಬುತ್ತಿ ಕಟ್ಟಿಕೊಂಡು ಬರುತ್ತಿತ್ತು. ಗಾದಿಯ ಮೇಲೆ ಕುಳಿತು ಕಪಾಟು ಖಾಲಿ ಮಾಡಿಸಿ, ಎದ್ದು ಹೋದಂತೆ ಮಾಡಿ, ಚಪ್ಪಲಿ ಮೆಟ್ಟಿ, ಮತ್ತೆ ಬಂದು ಕೂರುತ್ತಿತ್ತು. ಮಾತು ಹದಕ್ಕೆ ಬಂತೆನಿಸಿದಾಗ ನಾನು ಬೀದಿಯ ಕಡೆ ಕೈ ಎತ್ತುತ್ತಿದ್ದೆ. ಎದುರಿನ ಸೋಡಾ ಗಾಡಿಯ ರಾಜಾಸಾಬ ಕೆಂಪು ಬಣ್ಣದ ಸಿಹಿ ಸೋಡಾ ತರುತ್ತಿದ್ದ. ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಬಾಟಲಿ ಕುಂಯ್ ಎನ್ನುತ್ತಿತ್ತು. ಬಳಗದ ಹಿರಿಯ ಅದನ್ನು ಗಟಗಟ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಹೊಟ್ಟೆಯ ತಳದಿಂದ ಒಮ್ಮೆ ತೇಗುತ್ತಿದ್ದ. ಅಲ್ಲಿಗೆ ವ್ಯವಹಾರ ಮುಗಿಯಿತು. ತೇಗಿದ ಮನುಷ್ಯ ಮತ್ತೆ ಚೌಕಾಸಿಗೆ ಇಳಿದದ್ದನ್ನು ನಾನು ಕಂಡಿಲ್ಲ, ನನ್ನ ಅಪ್ಪನೂ ಕಂಡಿರಲಿಲ್ಲ.

ಇದರ ಮೇಲೆ ನಾನು ಸಂಶೋಧನೆಯನ್ನೂ ಮಾಡಿದ್ದೇನೆ. ಬಾದಾಮಿಯ ಗುಹೆಗಳಿಗೆ ಹೋದಾಗ ಎಲ್ಲರೂ ತಲೆ ಎತ್ತಿ ದೇವರನ್ನು ನೋಡುತ್ತಾರೆ. ನಾನು ತಲೆ ತಗ್ಗಿಸಿ, ಕೆಳಗಿನ ಸಾಲಿನಲ್ಲಿ ಕೆತ್ತಿರುವ ಡೊಳ್ಳುಹೊಟ್ಟೆಯ ಕುಳ್ಳ ಗಣಗಳನ್ನು ನೋಡುತ್ತೇನೆ. ಎಂಥ ನೆಮ್ಮದಿ ಆ ಮುಖಗಳಲ್ಲಿ! ಚಾಲುಕ್ಯರ ಕಾಲಕ್ಕೆ ಸೋಡಾ ಇತ್ತೋ ಇಲ್ಲವೋ ಪಂಡಿತರು ಹೇಳಲಿ. ಆ ಗಣಗಳು ಈಗಷ್ಟೇ ತೇಗಿವೆ ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ.

ತೊಂದರೆ ಒಂದೇ. ಗಿರಾಕಿ ಕುಡಿಯುವಾಗ ಸಾವಕಾರ ಸುಮ್ಮನೆ ಕೂತರೆ ಮರ್ಯಾದೆಯಲ್ಲ, ಜೊತೆಗೆ ಕುಡಿಯಬೇಕು. ಮದುವೆಯ ಹಂಗಾಮಿನಲ್ಲಿ ನಾನು ಊರ ಉಪಕಾರಕ್ಕೆಂದು ಕುಡಿದ ಸೋಡಾದ ಲೆಕ್ಕ ರಾಜಾಸಾಬನಿಗೂ ತಪ್ಪಿತ್ತು. ನೋಡನೋಡುತ್ತ ನಾನೇ ಬಾದಾಮಿಯ ಗಣವಾದೆ. ಕಡೆಗೆ ಬಾಗಲಕೋಟೆಯ ಡಾಕ್ಟರು ತಪಾಸಣೆ ಮಾಡಿ, ನನ್ನನ್ನು ಬಿಟ್ಟು ನನ್ನ ಹೆಂಡತಿ ಶಾಂತಾಳ ಕಡೆ ತಿರುಗಿ ಹೇಳಿದರು: "ಇವ್ರ ರಕ್ತದಾಗ ಸಕ್ಕರಿ ಭಾಳ ಆಗೇತ್ರೀ. ಸೋಡಾ ಬಿಡ್ಸರಿ. ಇಲ್ಲಾಂದ್ರ ದಿನಾ ಸೂಜಿ."

ನನಗೆ ಸೂಜಿಯೆಂದರೆ ಭಯ. ಶಾಂತಾಳೆಂದರೆ ಇನ್ನೂ ಭಯ. ಬಾಗಲಕೋಟೆಯಿಂದ ಊರಿಗೆ ಮರಳಿದ ದಿನವೇ ಆಕೆ ರಾಜಾಸಾಬನನ್ನು ಕರೆದು, "ತಮ್ಮಾ, ನಿನ್ನ ಬಾಟ್ಲಿ ನಮ್ಮ ಕಟ್ಟಿ ಏರಬಾರದು" ಎಂದುಬಿಟ್ಟಳು.

"ಗಿರಾಕಿಗೆ ಏನ ಕೊಡ್ಲಿ?" ಎಂದೆ.

"ಚಾ ಕೊಡ್ರಿ. ಎಲ್ಲಾರಿಗೂ ಚಾ, ನಿಮಗ ಬಿನ್‌ಸಕ್ಕರಿ ಚಾ."

ಅಂಗಡಿಯ ಹಿಂದೆಯೇ ಮನೆ. ನಡುವಿನ ಪರದೆ ಸರಿಸಿದರೆ ಒಲೆ. ಅಲ್ಲಿಂದ ಶುಂಠಿ, ತುಳಸಿ, ಲಿಂಬೆರಸ ಹಾಕಿದ, ಹಾಲಿಲ್ಲದ ಚಹಾ ಬರತೊಡಗಿತು. ಮೊದಲ ಗುಟುಕಿಗೆ ನನಗೆ ಕಷಾಯವೆನಿಸಿತು, ಎರಡನೆಯದಕ್ಕೆ ಶಿಕ್ಷೆಯೆನಿಸಿತು. ಒಂದು ತಿಂಗಳಲ್ಲಿ ರೂಢಿಯಾಯಿತು, ಅಂಗಿಯ ಗುಂಡಿಗಳೂ ಮತ್ತೆ ಕಾಜಾಕ್ಕೆ ಎಟುಕಿದವು. ನಾಲಿಗೆಯ ಜಗಳ ಮುಗಿಯಿತು, ಆದರೆ ಅಂಗಡಿಗೆ ಕಂಟಕ ಶುರುವಾಯಿತು.

ಯಾಕೆನ್ನುತ್ತೀರಾ? ಚಹಾದಿಂದ ತೇಗು ಬರುವುದಿಲ್ಲ! ಸೋಡಾ ಮನುಷ್ಯನನ್ನು ತಣ್ಣಗೆ ಮಲಗಿಸುತ್ತದೆ, ಚಹಾ ಎಬ್ಬಿಸಿ ಕೂರಿಸುತ್ತದೆ. ಸೋಡಾ ಒಂದು ನಿಮಿಷದ ಕೆಲಸ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿಯಬೇಕು, ಊದಬೇಕು, ಆರುವ ತನಕ ಕಾಯಬೇಕು. ಕಾಯುವಾಗ ಮನುಷ್ಯ ಮಾಡುವುದೇನು? ವಿಚಾರ ಮಾಡುತ್ತಾನೆ. ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. "ಅಲ್ರೀ, ಈ ದಡಿ ಸಣ್ಣದಾತಲ್ಲ" ಎಂದು ಒಬ್ಬಳು ಗಂಟು ಬಿಚ್ಚಿಸಿದರೆ, ಇನ್ನೊಬ್ಬಳಿಗೆ ಎದುರಂಗಡಿಯ ಸೀರೆ ನೆನಪಾಗುತ್ತಿತ್ತು. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ ಎಂದು ನನಗೆ ನಿಜವಾಗಿಯೂ ದಿಗಿಲಾಗಿತ್ತು.

ಅಂಥದರಲ್ಲಿ ಹುನಗುಂದದ ಕಡೆಯ ದೊಡ್ಡ ಮನೆತನವೊಂದು ಬಂತು. ಇವರ ಜವಳಿ ಕೈತಪ್ಪಿದರೆ ಆ ಹಂಗಾಮೇ ಹೋದಂತೆ. ಮಧ್ಯಾಹ್ನದವರೆಗೆ ಅತ್ತೆಯರು, ಚಿಗವ್ವಂದಿರು ಕೂಡಿ ಎಲ್ಲವನ್ನೂ ಆರಿಸಿದರು. ಮದುಮಗಳಿಗೆ ದಾಳಿಂಬ ಬಣ್ಣದ ಸೀರೆ ಎಂದು ತೀರ್ಮಾನವಾಗಿ ನಾನು ಗಂಟು ಕಟ್ಟುವಷ್ಟರಲ್ಲಿ, ಪರದೆಯಾಚೆಯಿಂದ ಚಹಾ ಬಂತು. ಒಂದು ಬಾಟಲಿ ಸೋಡಾ ಸಿಕ್ಕಿದ್ದರೆ ನಾನು ಆ ಕ್ಷಣ ಏನು ಬೇಕಾದರೂ ಕೊಡುತ್ತಿದ್ದೆ.

ಯಜಮಾನರಾದ ಮುದುಕರು ಬಸಿಗೆ ಸುರಿದು ಊದತೊಡಗಿದರು. ಊದುತ್ತ ಊದುತ್ತ ಅವರ ಕಣ್ಣು ಗೋಡೆಗೊರಗಿ ಎಲ್ಲರ ಹಿಂದೆ ಕೂತಿದ್ದ ಮದುಮಗಳ ಮೇಲೆ ಬಿತ್ತು.

"ಅಲ್ಲಬೇ ತಂಗಿ, ಮುಂಜಾನಿಂದ ಎಲ್ಲಾರೂ ಮಾತಾಡ್ಯಾರ, ನೀ ಒಂದು ಮಾತೂ ಆಡಿಲ್ಲ. ನಿನಗ ಸೇರೇತೇನು?"

ಹುಡುಗಿ ತನ್ನ ಚಹಾ ಒಂದು ಗುಟುಕು ಕುಡಿದಳು. "ಮುತ್ಯಾ, ನನಗ ಆ ಗಿಳಿಹಸರ ಮನಸಿಗೆ ಬಂದಿತ್ತು."

ಅಂಗಡಿಯಲ್ಲಿ ಗದ್ದಲವೋ ಗದ್ದಲ. ಹಸಿರು ಇವಳ ಮೈಬಣ್ಣಕ್ಕೆ ಒಪ್ಪುವುದಿಲ್ಲವೆಂದು ಅತ್ತೆ, ಮೊದಲೇ ಬಾಯಿ ಬಿಡಬಾರದಿತ್ತೇ ಎಂದು ಚಿಗವ್ವ. ಒಬ್ಬಾಕೆ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಮುದುಕರು ನಿಧಾನಕ್ಕೆ ಬಸಿ ಕೆಳಗಿಟ್ಟರು.

"ಉಡಾಕಿ ಅಕಿ. ಸಾವ್ಕಾರ್ರ, ಹಸರ ಕಟ್ರಿ. ಉಳದದ್ದೆಲ್ಲಾ ಹಂಗ ಇರ್ಲಿ."

ಹುಡುಗಿ ನಕ್ಕ ನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮದುವೆ ಜವಳಿಯಲ್ಲಿ ಮದುಮಗಳು ನಕ್ಕದ್ದನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಸೀರೆ ಎಣಿಸುವವನಿಗೆ ಮುಖ ನೋಡುವ ಪುರುಸೊತ್ತೆಲ್ಲಿ?

ಅವರು ಹೋದ ಮೇಲೆ ಶಾಂತಾ ಕಪ್ಪು-ಬಸಿಗಳನ್ನು ಎತ್ತಲು ಬಂದಳು. ಪರದೆಯ ಹಿಂದೆ ನಿಂತು ಎಲ್ಲ ಕೇಳಿದ್ದಳು. ಗೆದ್ದ ಹುಮ್ಮಸ್ಸಿನಲ್ಲಿ ನಾನು, "ನಿನ್ನ ಚಾದಿಂದ ಇವತ್ತ ಮುಳಗತಿದ್ವಿ, ಸ್ವಲ್ಪದಾಗ ಉಳದ್ವಿ" ಎಂದೆ.

ಆಕೆ ಕಪ್ಪು ಜೋಡಿಸುತ್ತ ಹೇಳಿದಳು: "ನನ್ನ ಮದ್ವಿ ಜವಳಿ ತಗದದ್ದೂ ಇದ ಅಂಗಡ್ಯಾಗ. ನಾನೂ ಅದ ಗ್ವಾಡಿಗೆ ಕುಂತಿದ್ದೆ. ನಿಮ್ಮಪ್ಪಾರು ಸೋಡಾ ತರಿಸಿದ್ರು. ನಮ್ಮಪ್ಪ ತೇಗಿದ. ನೀವು ಗಂಟು ಕಟ್ಟಿದ್ರಿ."

ನಿಜ, ನಾನೇ ಕಟ್ಟಿದ್ದೆ. ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದು ಗೆಳೆಯರ ಮುಂದೆ ಹೇಳಿಕೊಂಡೂ ಇದ್ದೆ. ನನಗೆ ಬಹಳ ಕೆಡುಕೆನಿಸಿತು.

"ನಿನಗ ಯಾವ ಬಣ್ಣ ಬೇಕಾಗಿತ್ತು?"

"ಚಾ ಆರಾಕತ್ತೇತಿ, ಮೊದ್ಲ ಕುಡೀರಿ."

ಕುಡಿದೆ. ಇನ್ನೊಂದು ಕಪ್ಪು ಹಾಕಿಕೊಟ್ಟಳು. ಅದು ಅರ್ಧವಾದಾಗ ಹೇಳಿದಳು.

ಮರುದಿನ ಬೆಳಿಗ್ಗೆಯೇ ನೇಕಾರ ಹನಮಪ್ಪನ ಮನೆಗೆ ಹೋದೆ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ.

"ನವಿಲುಬಣ್ಣದ್ದು ಒಂದು ಸೀರಿ ಹಾಕಬೇಕಪಾ. ಮದ್ವಿ ಸೀರಿ, ಛಲೋತ್ನಂಗ ಆಗಬೇಕು."

"ಯಾರ ಮದ್ವೀದ್ರಿ ಸಾವ್ಕಾರ್ರ?"

"ನಂದ."

ಹನಮಪ್ಪ ಲಾಳಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಆಮೇಲೆ ಬಹಳ ಮೆತ್ತಗೆ, "ಕುಂಡ್ರರಿ, ಬಿಸಲ ಭಾಳ ಐತಿ. ತಲಿಗೆ ಏರಿರಬೇಕು. ಒಂದು ಥಂಡಗಿನ ಸೋಡಾ ತರಸ್ಲೇನ್ರಿ?" ಎಂದ.

"ಬ್ಯಾಡೋ ಮಾರಾಯಾ, ಚಾ ತರಸು" ಎಂದೆ. "ಈ ಸಲ ಮದುಮಗಳ್ನ ಕೇಳಿ ಮಾಡೋದೈತಿ."