ಕಸದ ಬೆಲ್ಟ್ ಮೇಲೆ ಬಂದ ತಾಯಿ ಡ್ರ್ಯಾಗನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಸ ವಿಂಗಡಿಸುವ ಶೆಡ್ಡಿನೊಳಗೆ ಉದ್ದನೆಯ ರಬ್ಬರ್ ಬೆಲ್ಟ್ ಗಡಗಡ ಓಡುತ್ತಿದೆ. ಊರು ನಿನ್ನೆ ಬಿಸಾಕಿದ್ದೆಲ್ಲ ಅದರ ಮೇಲೆ ಮೆರವಣಿಗೆ ಹೊರಟಿದೆ: ಬಾಟಲಿ, ಹರಿದ ಚಪ್ಪಲಿ, ಹಾಲಿನ ಕವರು, ಒಂಟಿ ಕಾಲುಚೀಲ. ಎರಡೂ ಬದಿ ನಿಂತ ಹೆಂಗಸರಲ್ಲಿ ನಡುವಿನಾಕೆಯ ಕೈ ಕಣ್ಣಿಗೆ ಸಿಗದಷ್ಟು ಚುರುಕು. ಪ್ಲಾಸ್ಟಿಕ್ ಎಡಕ್ಕೆ, ತಗಡು ಬಲಕ್ಕೆ, ಗಾಜು ಹಿಂದಿನ ಡ್ರಮ್ಮಿಗೆ. ಇಲ್ಲಿ ಎಲ್ಲರಿಗೂ ಇವರು ‘ಡ್ರ್ಯಾಗನ್ ಅಕ್ಕ’.

ಹೆಸರು ಸುಮ್ಮನೆ ಬಂದಿದ್ದಲ್ಲ. ಬೆಂಕಿ ಉಗುಳುವ, ರೆಕ್ಕೆ ಬಡಿಯುವ ಆ ಕಥೆಯ ಪ್ರಾಣಿಯ ಬೊಂಬೆ ಕಸದಲ್ಲಿ ಕಂಡರೆ ಸಾಕು, ಅದು ಇವರದ್ದು. ಒಯ್ಯಲು ಸೂಪರ್‌ವೈಸರ್ ಒಪ್ಪಿಗೆಯೂ ಇದೆ.

“ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ವಾಸನೆಗೆ ಊಟಾನೇ ಸೇರ್ತಿರ್ಲಿಲ್ಲ. ನಾಳೆಯಿಂದ ಬರಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ. ಅವತ್ತೇ ಒಂದು ಸಿಕ್ತು. ಒಂದು ರೆಕ್ಕೆ ಇಲ್ಲ, ಬಾಲ ಇಲ್ಲ. ಬಾಯಿ ಮಾತ್ರ ಇಷ್ಟಗಲ ತೆಗೆದು ನಗ್ತಾ ಇದೆ! ಇದೇ ಹಿಂಗೆ ನಗ್ಬೇಕಾದ್ರೆ ನನಗೇನು ಧಾಡಿ ಅನ್ನಿಸ್ತು,” ಎನ್ನುತ್ತಾರೆ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇವರು ಮತ್ತು ಅತ್ತೆ ಇಬ್ಬರೇ. ಅತ್ತೆ ಒಂದು ಕಾಲದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದವರು. “ಮನೆ ತುಂಬ ಹಲ್ಲಿ ತಂದು ಗುಡ್ಡೆ ಹಾಕ್ತೀಯಲ್ಲೇ” ಎಂದು ಗೊಣಗುತ್ತಿದ್ದ ಅದೇ ಅತ್ತೆ ಈಗ ಹಳೇ ಕೊಡೆಬಟ್ಟೆ ಕತ್ತರಿಸಿ, ತಂತಿ ಬಾಗಿಸಿ, ಮುರಿದವಕ್ಕೆಲ್ಲ ಹೊಸ ರೆಕ್ಕೆ ಹೊಲಿಯುತ್ತಾರೆ.

ಟೀ ಬಿಡುವಿನಲ್ಲಿ, ಇವರ ಬಗ್ಗೆ ಬರೆಯಲು ಬಂದ ನನಗೆ ಅಕ್ಕ ತಮ್ಮ ದೊಡ್ಡ ಆಸೆ ಹೇಳುತ್ತಾರೆ. ವರ್ಷಗಳ ಹಿಂದೆ ಸಿಕ್ಕಿದ ಬೊಂಬೆ ಸೆಟ್ಟಿನ ಖಾಲಿ ರಟ್ಟಿನ ಡಬ್ಬಿಯೊಂದರ ಮೇಲೆ ಡ್ರ್ಯಾಗನ್ ಸಂಸಾರವೊಂದರ ಚಿತ್ರವಿತ್ತಂತೆ. “ಅಪ್ಪ, ಮಕ್ಕಳು ಎಲ್ಲ ಒಬ್ಬೊಬ್ಬರಾಗಿ ಮನೆ ಸೇರಿದ್ರು. ಅಮ್ಮ ಒಬ್ಬಳೇ ಬಂದಿಲ್ಲ. ನೀಲಿ ಬಣ್ಣ, ಮೊಟ್ಟೆ ಸುತ್ತ ಸುರುಳಿ ಸುತ್ಕೊಂಡು ಮಲಗಿರ್ತಾಳೆ.”

ಬೆಲ್ಟ್ ಮತ್ತೆ ಓಡತೊಡಗುತ್ತದೆ. ಸ್ವಲ್ಪ ಹೊತ್ತಾಗಿದೆಯಷ್ಟೇ, ಹರಿದ ದಿಂಬಿನಡಿಯಿಂದ ನೀಲಿ ಬಾಲವೊಂದು ಇಣುಕುತ್ತದೆ. ಅಕ್ಕನ ಕೈಗೆ ಎಟುಕುವುದಿಲ್ಲ. “ಅಮ್ಮ! ಅಮ್ಮ ಬಂದ್ಳು! ಹಿಡೀರೇ!” ಕೊನೆಯಲ್ಲಿ ನಿಂತಾಕೆ ಬಾಗುತ್ತಾರೆ, ಅವರಿಗೂ ತಪ್ಪುತ್ತದೆ. ಮುಂದೆ ಇರುವುದು ಎಲ್ಲವನ್ನೂ ಅಪ್ಪಚ್ಚಿ ಮಾಡುವ ಪ್ರೆಸ್. ಅಕ್ಕ ಓಡಿಹೋಗಿ ಗೋಡೆಯ ಕೆಂಪು ಹಗ್ಗ ಜಗ್ಗಿಬಿಡುತ್ತಾರೆ.

ಬೆಲ್ಟ್ ಗಕ್ಕನೆ ನಿಲ್ಲುತ್ತದೆ, ಅಕ್ಕ ಬೊಂಬೆಯನ್ನು ಎತ್ತಿಕೊಳ್ಳುತ್ತಾರೆ.

ಸೂಪರ್‌ವೈಸರ್ ಬಿದ್ದಂಬೀಳ ಓಡಿಬರುತ್ತಾರೆ. “ಯಾರ ಕೈ? ಯಾರ ಕೈ ಸಿಕ್ಕಾಕ್ಕೊಂಡಿದ್ದು?”

“ಕೈ ಯಾರದ್ದೂ ಇಲ್ಲ ಸಾರ್. ಡ್ರ್ಯಾಗನ್‌ದು,” ಎನ್ನುತ್ತಾರೆ ಅಕ್ಕ.

ಸೂಪರ್‌ವೈಸರ್ ಬಿಳಿಚಿಕೊಂಡಿದ್ದಾರೆ. ಬೈಯಲು ಬಾಯಿ ತೆರೆದವರು, ಬೊಂಬೆಯನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಳ್ಳುತ್ತಿರುವ ಅಕ್ಕನನ್ನು ನೋಡಿ ತಡೆಯುತ್ತಾರೆ. ಆದರೂ ನಿಯಮ ನಿಯಮವೇ. “ಇವತ್ತು ಮನೆಗೆ ಹೋಗಮ್ಮ. ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನನ್ನ ಕೈಲೂ ಉಳಿಸಕ್ಕಾಗಲ್ಲ.”

ಅಕ್ಕ ವಾದಿಸುವುದಿಲ್ಲ. “ಅವರದ್ದೇನೂ ತಪ್ಪಿಲ್ಲ. ಆ ಹಗ್ಗ ಇರೋದು ಮನುಷ್ಯರ ಜೀವಕ್ಕೆ. ಪಾಪ, ಅವರ ಎದೆ ಒಡೆದೇ ಹೋಗಿತ್ತು,” ಎನ್ನುತ್ತ ಬೀದಿಯುದ್ದಕ್ಕೂ ಓಡುನಡಿಗೆ. ನಾನು ಏದುಸಿರು ಬಿಡುತ್ತ ಹಿಂದೆ.

ಒಂದೇ ಕೋಣೆಯ ಮನೆ. ಅಡುಗೆಯ ಗೂಡಿನ ಮೇಲೆ, ಕಿಟಕಿ ಕಟ್ಟೆಯಲ್ಲಿ, ಅಕ್ಕಿ ಡಬ್ಬಿಯ ಮುಚ್ಚಳದ ಮೇಲೂ ಡ್ರ್ಯಾಗನ್‌ಗಳು, ಬಣ್ಣಬಣ್ಣದ ಕೊಡೆ ರೆಕ್ಕೆ ಬಿಚ್ಚಿಕೊಂಡು. ಅತ್ತೆ ಸೋಪಿನ ನೀರಲ್ಲಿ ತಾಯಿಯನ್ನು ಮೀಯಿಸಿ, ಸೆರಗಿನಲ್ಲಿ ಒರೆಸಿ, ತಿರುಗಿಸಿ ನೋಡುತ್ತಾರೆ. ಸುರುಳಿಯ ನಡುವೆ ದುಂಡನೆಯ ಗುಳಿ. ಅಲ್ಲಿದ್ದ ಮೊಟ್ಟೆ ಎಲ್ಲೋ ಬಿದ್ದುಹೋಗಿದೆ.

“ಒಂದು ಮರದ ತುಂಡು ಕೊಡೇ, ಉಜ್ಜಿ ಮೊಟ್ಟೆ ಮಾಡ್ಕೊಡ್ತೀನಿ,” ಎನ್ನುತ್ತಾರೆ ಅತ್ತೆ.

“ಬೇಡ ಅತ್ತೆ,” ಸೊಸೆ ಆಗಲೇ ನಾಳೆಯ ಕೈಗವಸು ಒಗೆದು ಹಿಂಡುತ್ತಿದ್ದಾರೆ. “ಅಮ್ಮನೇ ಬಂದಿದ್ದಾಳೆ, ಮೊಟ್ಟೆ ಹಿಂದೇನೇ ಉರುಳ್ಕೊಂಡು ಬರುತ್ತೆ. ಈ ಸಲ ಹಗ್ಗ ಮುಟ್ಟಲ್ಲ, ಕೈಯಲ್ಲೇ ಹಿಡೀತೀನಿ!”